ಚಿಕ್ಕಪ್ಪನ ಒಂದೇ ಪ್ರಶ್ನೆ

ನಮ್ಮ ಚಿಕ್ಕಪ್ಪ ಕಂಡಕಂಡವರನ್ನೆಲ್ಲ ಒಂದೇ ಪ್ರಶ್ನೆ ಕೇಳುತ್ತಿದ್ದರು, ನನ್ನೊಬ್ಬನನ್ನು ಬಿಟ್ಟು. ಬಸ್ ಕಂಡಕ್ಟರನ್ನು ಕೇಳಿದರು, ಸೊಪ್ಪು ಮಾರುವವಳನ್ನು ಕೇಳಿದರು. ಒಂದು ಮದುವೆಯಲ್ಲಂತೂ ತಾಳಿ ಹಿಡಿದು ನಿಂತಿದ್ದ ಮದುಮಗನನ್ನೇ ಕೇಳಿಬಿಟ್ಟರು! ಪ್ರಶ್ನೆ ಇಷ್ಟೇ: "ಬೆಲ್ ಆಯ್ತಾ?" ಪಾಪ, ಮದುಮಗ ಗಾಬರಿಯಲ್ಲಿ, "ಇನ್ನೂ ಇಲ್ಲ" ಎಂದ. ಚಿಕ್ಕಪ್ಪ ಸಮಾಧಾನವಾಗಿ ಅಕ್ಷತೆ ಹಾಕಿದರು.

ಹುಚ್ಚು ಎಂದು ನಗುವ ಮೊದಲು ಇದಿಷ್ಟು ಕೇಳಿ. ಚಿಕ್ಕಪ್ಪ ಚಾಂಪಿಯನ್ ರೀಫ್ಸಿನ ಚಿನ್ನದ ಗಣಿಯಲ್ಲಿ ವೈಂಡಿಂಗ್ ಎಂಜಿನ್ ಡ್ರೈವರ್ ಆಗಿದ್ದವರು. ಡ್ರೈವರ್ ಎಂದರೆ ಊರೂರು ಸುತ್ತುವ ಭಾಗ್ಯವೇನಲ್ಲ. ನೆಲದ ಮೇಲಿನ ಎಂಜಿನ್ ಮನೆಯಲ್ಲಿ ಕುರ್ಚಿ ಬಿಟ್ಟೇಳದೆ, ಪಂಜರದಂಥ ಲಿಫ್ಟಿನಲ್ಲಿ ಜನರನ್ನು ಪಾತಾಳಕ್ಕೆ ಇಳಿಸಬೇಕು, ಮತ್ತೆ ಮೇಲೆತ್ತಬೇಕು. ಇಳಿದವರು ಕಣ್ಣಿಗೆ ಕಾಣುವುದಿಲ್ಲ. ಕೆಳಗಿನಿಂದ ಬೆಲ್ ಬರುತ್ತದೆ, ಅದನ್ನು ನಂಬಿ ಎತ್ತಬೇಕು, ಅಷ್ಟೇ. ಮೂರು ಸಲ ಬಂದರೆ ಒಳಗಿರುವುದು ಅದಿರಲ್ಲ, ಮನುಷ್ಯರು, ನಿಧಾನ ಎಂದು ಅರ್ಥ.

ಒಂದು ದಿನ ಅವರಿಗೆ ಯಾರೂ ಬಾರಿಸದ ಬೆಲ್ ಕೇಳಿಸಿತು. ಮಾರನೆಯ ದಿನವೂ ಕೇಳಿಸಿತು. ಮೂರನೆಯ ದಿನ ಪಾಳಿ ಶುರುವಾಗುವ ಮೊದಲೇ ಆಫೀಸಿಗೆ ಹೋಗಿ ನಿಂತರು. "ಆಗ್ದಿರೋ ಬೆಲ್ಲು ನಂಗೆ ಕೇಳುಸ್ತಾ ಐತೆ ಸಾರ್. ನನ್ ಕೈಗೆ ಜನಗಳ್ನ ಕೊಡ್ಬೇಡಿ" ಎಂದರು. ನಮ್ಮ ವಂಶದಲ್ಲಿ ಬೇರೆಯವರ ಮೇಲೆ ಅರ್ಜಿ ಗುಜರಾಯಿಸಿದವರು ಬೇಕಾದಷ್ಟಿದ್ದಾರೆ. ತಮ್ಮ ಮೇಲೆ ತಾವೇ ದೂರು ಕೊಟ್ಟವರು ಅವರೊಬ್ಬರೇ!

ಬೆಂಗಳೂರಿನ ಆಸ್ಪತ್ರೆಯಲ್ಲಿ ನಾಲ್ಕು ತಿಂಗಳಿದ್ದು, ಮಾತ್ರೆಗಳ ಪೊಟ್ಟಣದೊಂದಿಗೆ ಬಂಗಾರಪೇಟೆಯ ನಮ್ಮ ಮನೆಗೆ ಬಂದರು. ಅಮ್ಮ ಮನೆಮಂದಿಗೆಲ್ಲ ಒಂದೇ ಪಾಠ ಹೇಳಿಕೊಟ್ಟರು. "ಅವ್ರು ಏನ್ ಕೇಳಿದ್ರೂ ಇಲ್ಲ ಅಂದ್ಬುಡಿ. ತಲೆ ಬಿಸಿ ಆಗ್ಬಾರ್ದು." ಒಂದು ಬೆಳಿಗ್ಗೆ ಬೀದಿಯಲ್ಲಿ ಸೈಕಲ್ ಬೆಲ್ ಆಯಿತು. ಚಿಕ್ಕಪ್ಪ ಕಾಫಿ ಲೋಟ ಇಳಿಸಿ, "ಬೆಲ್ ಆಯ್ತೇನ್ಲಾ?" ಎಂದು ನನ್ನನ್ನು ಕೇಳಿದರು. ಆಗ ನನಗೆ ಇಪ್ಪತ್ತೆರಡು. ಡಿಗ್ರಿ ಮುಗಿಸಿದ ಬುದ್ಧಿವಂತ ಬೇರೆ! "ಇಲ್ಲ ಚಿಕ್ಕಪ್ಪ, ಏನೂ ಆಗ್ಲಿಲ್ಲ" ಎಂದೆ. ಅಷ್ಟರಲ್ಲಿ ಹಾಲಿನವನು ಸೈಕಲ್ ಸಮೇತ ಬಾಗಿಲಿಗೆ ಬಂದು ನಿಂತ.

ಚಿಕ್ಕಪ್ಪ ಸೈಕಲ್ಲನ್ನು ನೋಡಿದರು, ನನ್ನನ್ನು ನೋಡಿದರು, ಬೈಯಲಿಲ್ಲ. ಆದರೆ ಅಂದಿನಿಂದ ಮಾತ್ರೆ ನುಂಗುವುದನ್ನು ಬಿಟ್ಟರು. ಆದ ಬೆಲ್ಲನ್ನೇ ಇವರು ಇಲ್ಲ ಎನ್ನುತ್ತಾರೆಂದ ಮೇಲೆ, ಗಣಿಯಲ್ಲಿ ಕೇಳಿಸಿದ್ದೂ ನಿಜವೇ ಇರಬೇಕಲ್ಲವೆ? ತನಗೆ ಕಾಯಿಲೆಯೇ ಇರಲಿಲ್ಲವಲ್ಲವೆ? ಅವರ ಲೆಕ್ಕದಲ್ಲಿ ತಪ್ಪೇನೂ ಇರಲಿಲ್ಲ. ಎರಡು ತಿಂಗಳಲ್ಲಿ ಅವರನ್ನು ಮತ್ತೆ ಆಸ್ಪತ್ರೆಗೆ ಸೇರಿಸಬೇಕಾಯಿತು. ಒಂದು ಒಳ್ಳೆಯ ಸುಳ್ಳಿನಿಂದ ನಾನು ಮಾಡಿದ ಕೆಲಸ ಅದು. ಆಮೇಲೆ ಅವರು ನನ್ನನ್ನು ಏನನ್ನೂ ಕೇಳಲಿಲ್ಲ.

ಎರಡನೆಯ ಸಲ ಆಸ್ಪತ್ರೆಯ ಮಾತ್ರೆ ಸಾಲಿನಲ್ಲಿ ಅವರಿಗೆ ಇಬ್ಬರು ನಮ್ಮ ಕಡೆಯವರೇ ಸಿಕ್ಕರು. ಒಬ್ಬರು ಚಾಂಪಿಯನ್ ರೀಫ್ಸಿನ ಮೇರಿಯಮ್ಮ. ಬೀದಿಯವರೆಲ್ಲ ತನ್ನನ್ನೇ ಬೈಯುತ್ತಿದ್ದಾರೆ ಎನ್ನಿಸುವುದು ಅವರ ಕಷ್ಟ. ಇನ್ನೊಬ್ಬರು ಬೂದಿಕೋಟೆಯ ಟೈಲರ್ ಮುನೆಪ್ಪ. ಕಾಯಿಲೆ ಬಿದ್ದ ಮೇಲೆ ಮಾತು ನಿಲ್ಲಿಸಿದ್ದವರು. ಮೂವರೂ ಊರಿಗೆ ಬಂದು, ಗಣಿ ಕಾರ್ಮಿಕರ ಸಾಲಿನಲ್ಲಿದ್ದ ಮೇರಿಯಮ್ಮನ ಲೈನ್ ಮನೆಯ ಮುಂದಿನ ಕೋಣೆಯಲ್ಲಿ ದಿನಾ ಸೇರತೊಡಗಿದರು. ಆಸ್ಪತ್ರೆ ಕಂಡು ಬಂದ ಇನ್ನೂ ಏಳೆಂಟು ಜನ ಬಂದು ಕೂಡಿಕೊಂಡರು. ಡಾಕ್ಟರಿಲ್ಲ, ಮೇಷ್ಟ್ರಿಲ್ಲ. ಕೇರಂ ಬೋರ್ಡು, ಸರದಿಯಂತೆ ಚಹಾ, ಒಂದೇ ಒಂದು ಕಾನೂನು: ಇಲ್ಲಿ ಯಾರು ಏನು ಕೇಳಿದರೂ ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು. ಮುನೆಪ್ಪನವರನ್ನು ಅವಿರೋಧವಾಗಿ ಅಧ್ಯಕ್ಷರನ್ನಾಗಿ ಆರಿಸಿದರು. ಭಾಷಣ ಮಾಡದ ಅಧ್ಯಕ್ಷರು ಬೇರೆ ಯಾವ ಸಂಘಕ್ಕೆ ಸಿಕ್ಕಾರು!

ಭಾನುವಾರ ನಾನು ಕಡಲೆಕಾಯಿ ಕಟ್ಟಿಕೊಂಡು ಅಲ್ಲಿಗೆ ಹೋಗುತ್ತಿದ್ದೆ. ಚಿಕ್ಕಪ್ಪ, "ಬೆಲ್ ಆಯ್ತಾ?" ಎನ್ನುವರು. ಮೇರಿಯಮ್ಮ ಕಿವಿಗೊಟ್ಟು, "ಆಯ್ತು ಸಾಮಿ, ಐಸ್ ಕ್ಯಾಂಡಿ ಗಾಡೀದು" ಎನ್ನುವರು. ಇಲ್ಲವಾದರೆ ಇಲ್ಲ. ಮುನೆಪ್ಪ ಬರೀ ತಲೆ ಆಡಿಸುವರು. ಸ್ವಲ್ಪ ಹೊತ್ತಿಗೆ ಮೇರಿಯಮ್ಮನ ಸರದಿ. "ಹೊರಗೆ ಯಾರೋ ನನ್ನ ಬಯ್ತಾವ್ರೆ, ನೋಡ್ರಪ್ಪ." ಚಿಕ್ಕಪ್ಪ ಎದ್ದು ಹೋಗಿ ನೋಡಿ ಬಂದು, "ಬಯ್ತಾವ್ರೆ, ನಿಜ. ನಿನ್ನಲ್ಲ ತಾಯಿ, ಮೇಕೇನ" ಎಂದು ವರದಿ ಒಪ್ಪಿಸುವರು. ಮೇರಿಯಮ್ಮ ನಿಟ್ಟುಸಿರು ಬಿಟ್ಟು ಸ್ಟ್ರೈಕರ್ ಹೊಡೆಯುವರು.

ಒಮ್ಮೆ ಬಂಗಾರಪೇಟೆಯ ದೊಡ್ಡ ಮನುಷ್ಯರೊಬ್ಬರು ಬಾಳೆಹಣ್ಣಿನ ಬುಟ್ಟಿಯೊಂದಿಗೆ ಬಂದು, ಮನಸ್ಸಿನ ಶಾಂತಿಯ ಬಗ್ಗೆ ಮಾತಾಡತೊಡಗಿದರು. ನಡುವೆ ಚಿಕ್ಕಪ್ಪ, "ಬೆಲ್ ಆಯ್ತಾ ಸಾರ್?" ಎಂದರು. ಅವರು ಕರುಣೆಯಿಂದ ನಕ್ಕು, "ನೀವು ಹೇಳಿದ ಮೇಲೆ ಆಯ್ತು ಅಂತಲೇ ಇಟ್ಕೊಳ್ಳಿ" ಎಂದರು. ಮೇರಿಯಮ್ಮ ಅವರನ್ನು ಮೆಲ್ಲಗೆ ಕೂರಿಸಿ, "ಬೆಲ್ ಆಗ್ಲಿಲ್ಲ ಸಾರ್. ಹಿಂಗೆ ಎಷ್ಟ್ ದಿನದಿಂದ ಆಗ್ತಾ ಐತೆ ನಿಮ್ಗೆ?" ಎಂದು ವಿಚಾರಿಸಿಕೊಂಡರು. ಹಣ್ಣು ಹಂಚಲು ಬಂದವರು ಕೊನೆಗೆ ತಾವೇ ಎರಡು ಹಣ್ಣು ತಿಂದು, ಚಹಾ ಕುಡಿದು ಹೋದರು.

ನಾನೂ ಎಲ್ಲರೊಂದಿಗೆ ನಕ್ಕೆ. ಆದರೆ ನಾನು ಪಕ್ಕದಲ್ಲೇ ಕೂತಿದ್ದರೂ ಚಿಕ್ಕಪ್ಪನ ಪ್ರಶ್ನೆ ನನ್ನನ್ನು ದಾಟಿ ಬಾಗಿಲಲ್ಲಿ ನಿಂತ ಹೊಸಬರಿಗೆ ಹೋಗುತ್ತಿತ್ತು. ಯಾಕೆ ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ. ಒಂದೇ ಒಂದು ಸಲ ನನ್ನನ್ನು ಕೇಳಲಿ ಎಂದು ಏಳು ವರ್ಷ ಕಾದೆ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆ ಹೊಸಬರ ಮೇಲೆ ನನಗೆ ಹೊಟ್ಟೆಕಿಚ್ಚು.

ತಿಂಗಳಿಗೊಮ್ಮೆ ಮೂವರೂ ಜೊತೆಯಾಗಿ ಬೆಂಗಳೂರಿಗೆ ಮಾತ್ರೆ ತರಲು ಹೋಗುತ್ತಿದ್ದರು. ಒಂದು ಸಲ ಮೇರಿಯಮ್ಮನಿಗೆ ಜ್ವರ, ಮುನೆಪ್ಪನವರ ಮನೆಯಲ್ಲಿ ನಾಮಕರಣ. ಚಿಕ್ಕಪ್ಪನ ಜೊತೆ ನಾನು ಹೊರಟೆ. ಬಂಗಾರಪೇಟೆ ಸ್ಟೇಷನ್ನಿನಲ್ಲಿ ಬೆಳಗಿನ ರೈಲಿಗೆ ಕಾಲಿಡಲು ಜಾಗವಿಲ್ಲದಷ್ಟು ಜನ. ಅಲ್ಲಿ ರೈಲು ಹತ್ತಿರ ಬಂದಾಗ ತೂಗುಹಾಕಿದ ಹಳಿಯ ತುಂಡಿಗೆ ಹೊಡೆದು ಬೆಲ್ ಮಾಡುತ್ತಿದ್ದರು. ನಾನು ಪೇಪರಿನಲ್ಲಿ ಮುಳುಗಿದ್ದೆ. ಚಿಕ್ಕಪ್ಪ ಬೆಂಚಿನ ಮೇಲೆ ಚೀಲ ಅವುಚಿಕೊಂಡು ಅತ್ತಿತ್ತ ನೋಡಿದರು. ಆಮೇಲೆ ನನ್ನ ಮೊಣಕೈ ಮುಟ್ಟಿದರು.

"ಬೆಲ್ ಆಯ್ತೇನ್ಲಾ?"

ಹಿಂದೆ ಯಾರಾದರೂ ನಿಂತಿದ್ದಾರೆಯೇ ಎಂದು ತಿರುಗಿ ನೋಡಿದೆ. ಹಿಂದೆ ಬರೀ ಗೋಡೆ ಇತ್ತು. ಆಯ್ತು ಎನ್ನಲೂ ನಾಲಿಗೆ ತಯಾರಿತ್ತು, ಇಲ್ಲ ಎನ್ನಲೂ ತಯಾರಿತ್ತು. ಆದರೆ ನಿಜವಾಗಿ ನಾನು ಕೇಳಿಸಿಕೊಂಡೇ ಇರಲಿಲ್ಲ.

"ನಂಗೆ ಗೊತ್ತಿಲ್ಲ ಚಿಕ್ಕಪ್ಪ. ಪೇಪರ್ ಓದ್ತಾ ಇದ್ದೆ. ಪೋರ್ಟರ್‌ನ ಕೇಳ್ಕಂಡು ಬತ್ತೀನಿ."

ಜನರನ್ನು ತಳ್ಳಿಕೊಂಡು ಓಡಿದೆ. ಪೋರ್ಟರ್ ನನ್ನನ್ನು ವಿಚಿತ್ರವಾಗಿ ನೋಡಿ, ಗಾಡಿ ಇನ್ನೂ ದೂರವಿದೆ, ಬೆಲ್ ಮಾಡಿಲ್ಲ ಎಂದ. ಎಷ್ಟೋ ದಿನದಿಂದ ಅವರು ಕೇಳಿದಾಗಲೆಲ್ಲ ಬೆಲ್ ನಿಜವಾಗಿಯೇ ಆಗಿರುತ್ತಿತ್ತು, ಸುಳ್ಳು ಬೆಲ್ ಕೇಳಿಸಿರಲಿಲ್ಲ. ಅದು ಮತ್ತೆ ಬಂದಿದೆ ಎಂದು ನನ್ನ ಬಾಯಿಂದಲೇ ಹೇಳಬೇಕಿತ್ತು.

"ಆಗಿಲ್ವಂತೆ ಚಿಕ್ಕಪ್ಪ" ಎಂದೆ.

ಅವರು ಕಣ್ಣು ಮುಚ್ಚಿಕೊಂಡರು. ಮುಖ ಸಣ್ಣಗಾಯಿತು. ಜೇಬಿನಿಂದ ಆಸ್ಪತ್ರೆಯ ಚೀಟಿ ತೆಗೆದು ನನ್ನ ಕೈಗಿಟ್ಟರು.

"ಅಂಗಾರೆ ಡಾಕ್ಟ್ರಿಗೆ ಏಳ್ಬೇಕು ಕಣ್ಲಾ" ಎಂದರು. "ನಾನು ಮುಚ್ಚಿಡಾಕೆ ನೋಡಿದ್ರೂ ನೀನು ಏಳ್ಬುಡು."