ಕೈಪಟ್ಟಿಯ ಚಾಡಿ

ತೊಂದರೆ ಶುರುವಾದದ್ದು ಅತ್ತೆಯ ಮಣಿಕಟ್ಟಿನ ತುರಿಕೆಯಿಂದ.

ಹೋದ ತಿಂಗಳು ಅತ್ತೆ ಜಾರಿಬಿದ್ದ ಮೇಲೆ ಆರೈಕೆ ಕೇಂದ್ರದವರು ಕೋಣೆಗೊಂದು ಬಿಳಿ ಡಬ್ಬಿ ಗೋಡೆಗಂಟಿಸಿ, ಅವರ ಕೈಗೊಂದು ಪಟ್ಟಿ ಕಟ್ಟಿದ್ದರು. ಅತ್ತೆಯ ನಾಡಿ ಹೇಗಿದೆ, ಎಲ್ಲಿದ್ದಾರೆ, ಎಷ್ಟು ಓಡಾಡಿದರು ಎಂಬುದೆಲ್ಲ ಅಲ್ಲಿಗೆ ತಾನಾಗಿ ಮುಟ್ಟುತ್ತಿತ್ತು. ದಿನಾ ಮಧ್ಯಾಹ್ನ ಎರಡು ಗಂಟೆ ಹೊತ್ತು ನರ್ಸ್ ಕಳಿಸಬೇಕೋ ಬೇಡವೋ ಎನ್ನುವುದು ಅವತ್ತಿನ ವರದಿಯ ಮೇಲೆ ನಿಂತಿತ್ತು. ಆ ಎರಡು ಗಂಟೆ ನಿದ್ದೆಯ ಕನಸನ್ನು ಸೊಸೆ ತಿಂಗಳಿಂದ ಎಚ್ಚರವಿದ್ದುಕೊಂಡೇ ಕಾಣುತ್ತಿದ್ದಳು.

“ತುರಿಸ್ತದೆ ಕಣಮ್ಮ,” ಎಂದು ಅತ್ತೆ ಪಟ್ಟಿ ಬಿಚ್ಚಿ ಮೇಜಿನ ಮೇಲಿಟ್ಟು ಮಲಗಿದರು.

ನಾಡಿ ಸಿಗದ ಪಟ್ಟಿ ಹತ್ತೇ ನಿಮಿಷಕ್ಕೆ ಊರಿಗೆಲ್ಲ ಸುದ್ದಿ ಮುಟ್ಟಿಸಿತು. ತುರ್ತಿಗೆಂದು ನಂಬರು ಕೊಟ್ಟಿದ್ದ ಕೆಳಮನೆ ಮೇಷ್ಟ್ರು ಏದುಸಿರು ಬಿಡುತ್ತ ಬಂದರು.

“ಎಷ್ಟೊತ್ತಿಗೆ ಹೋದ್ರು?”

“ಯಾರೂ ಹೋಗಿಲ್ಲ ಮೇಷ್ಟ್ರೆ. ಗೊರಕೆ ಕೇಳಿಸ್ಕೊಳ್ಳಿ.”

ಹಿಂದೆಯೇ ನಾದಿನಿಯ ಫೋನು. “ಒಂದು ಪಟ್ಟಿ ನೋಡ್ಕೊಳ್ಳೋಕಾಗಲ್ಲ, ಅಮ್ಮನ್ನ ಏನು ನೋಡ್ಕೋತೀರಿ ಅತ್ತಿಗೆ?”

ಅದಕ್ಕೆ ಬೇಕಾದದ್ದು ಒಂದು ನಾಡಿ ತಾನೆ ಎಂದು ಸೊಸೆ ತನ್ನ ಕೈಗೇ ಕಟ್ಟಿಕೊಂಡಳು. ಪಟ್ಟಿ ಹಾಲು ಕುಡಿದ ಮಗುವಿನಂತೆ ತೆಪ್ಪಗಾಯಿತು.

ಬಟ್ಟೆ ಒಣಹಾಕಲು ತಾರಸಿಗೆ ಹೋದಳು. ಅತ್ತೆ ಮನೆ ಬಿಟ್ಟರೆಂದು ಪಟ್ಟಿ ಚಾಡಿ ಹೇಳಿ, ಮೇಷ್ಟ್ರು ಬೀದಿ ತುದಿವರೆಗೆ ಹುಡುಕಿ ಬಂದರು. ಆಮೇಲೆ ಸೊಸೆ ಬಚ್ಚಲಿನಲ್ಲಿ ಬಕೆಟ್ ಬೋರಲು ಹಾಕಿ, ಅದರ ಮೇಲೆ ಕೂತು ಕಾಲು ಗಂಟೆ ಕಣ್ಣು ಮುಚ್ಚಿದಳು. ಅತ್ತೆ ಬಚ್ಚಲಲ್ಲಿ ಬಿದ್ದರೆಂದು ಪಟ್ಟಿ ಸುದ್ದಿ ಮುಟ್ಟಿಸಿತು; ಬಾಗಿಲು ದಬದಬ.

“ಅಮ್ಮಾ, ಗೋಡೆ ಹಿಡ್ಕೊಂಡಿರಿ, ಬಾಗಿಲು ಒಡೀತೀನಿ.”

“ಒಳಗಿರೋದು ನಾನು, ಮೇಷ್ಟ್ರೆ.”

“ನೀವ್ಯಾಕಮ್ಮ ಬಿದ್ರಿ?”

ಮತ್ತೆ ಅವಳು ಕೂರುವ ಧೈರ್ಯ ಮಾಡಲಿಲ್ಲ. ಒಲೆ, ಪಾತ್ರೆ, ಅತ್ತೆಗೆ ಬಿಸಿನೀರು, ಮಕ್ಕಳ ಹೋಂವರ್ಕು ಎಂದು ಸಂಜೆವರೆಗೆ ಗಾಣದ ಎತ್ತಿನಂತೆ ಸುತ್ತಿದಳು.

ದೀಪ ಹಾಕುವ ಹೊತ್ತಿಗೆ ಕೇಂದ್ರದ ಡಾಕ್ಟರಮ್ಮನ ಫೋನು ಬಂತು.

“ನಿಮ್ಮತ್ತೆ ಪೂರ್ತಿ ಗುಣವಾಗಿದಾರೆ ಕಣ್ರಿ. ಅಡುಗೆಮನೆಗೇ ನೂರಾ ಹನ್ನೆರಡು ಸಲ ಹೋಗಿದಾರೆ. ಇಂಥವರಿಗೆ ನರ್ಸ್ ಯಾಕೆ?”

ನಾದಿನಿ ಬೈದರೆ ಬೈಯಲಿ ಎಂದು ಸೊಸೆ ನಿಜವನ್ನೇ ಹೇಳಿಬಿಟ್ಟಳು. “ಡಾಕ್ಟ್ರೆ, ಅತ್ತೆ ಹಾಸಿಗೆ ಬಿಟ್ಟಿಲ್ಲ. ಪಟ್ಟಿ ನನ್ನ ಕೈಲಿತ್ತು. ಓಡಾಡಿದ್ದೆಲ್ಲ ನಾನು.”

ಆ ಕಡೆ ಕಾಗದ ಮಗುಚಿದ ಸಪ್ಪಳ.

“ಅಯ್ಯೋ, ಮೊದಲೇ ಹೇಳಬಾರದಾ? ಇಷ್ಟು ಗಟ್ಟಿಮುಟ್ಟಾದ ಸೊಸೆ ಮನೇಲಿರುವಾಗ ನರ್ಸ್ ಯಾಕೆ?”