ನಿಂಗರಾಜನ ಒಂದೂವರೆ ಕಿಲೋ

ಮುಕ್ತಾರನ ಉಳ್ಳಾಗಡ್ಡಿ ಅಂಗಡಿಯ ಕಾಟಾದ ಮೇಲೆ ನಿಂತ ನಿಂಗರಾಜ, ಅಂಕಿ ನೋಡಿದವನೇ ಕಾಟಾಕ್ಕೇ ಬೈದ. ಎಂಬತ್ತೊಂದೂವರೆ ಕಿಲೋ!

"ಈ ಕಾಟಾ ಖರೆ ಹೇಳ್ತೈತೋ ಇಲ್ಲೋ?"

"ಉಳ್ಳಾಗಡ್ಡಿ ಇಟ್ಟಾಗಷ್ಟ ಸುಳ್ಳ ಹೇಳ್ತೈತಿ," ಅಂದ ಮುಕ್ತಾರ. "ಮನಷಾರಿಗೆ ಖರೇನ ಹೇಳ್ತೈತಿ."

ಏಳನೆಯ ಇಯತ್ತೆಗೇ ಶಾಲೆ ಬಿಟ್ಟು ಇಳಕಲ್ಲಿನಲ್ಲಿ ಕಲ್ಲಿನ ಚಪ್ಪಡಿ ಹೊರುತ್ತಿದ್ದ ನಿಂಗರಾಜ ಈಗ ಹಗ್ಗ ಜಗ್ಗುವ ವಿಶ್ವ ಚಾಂಪಿಯನ್‌ಶಿಪ್ಪಿಗೆ ಹೊರಟ ಭಾರತ ತಂಡದ ಎಂಟು ಮಂದಿಯಲ್ಲಿ ಒಬ್ಬ. ಯುರೋಪಿನ ಮೈದಾನ, ಇಪ್ಪತ್ತು ದೇಶ, ಎದೆಯ ಮೇಲೆ ಇಂಡಿಯಾ ಎಂದು ಬರೆದ ಅಂಗಿ! ಆದರೆ ಎಂಟು ಮಂದಿಯ ಒಟ್ಟು ತೂಕ ಆರುನೂರ ನಲವತ್ತು ಕಿಲೋ ದಾಟುವಂತಿಲ್ಲ. ತಲೆಗೆ ಎಂಬತ್ತು. ಅವನ ಓಣಿಯ ಗೆಳೆಯ ಶ್ರೀಶೈಲ ಎಂಬತ್ತೆರಡು ತೂಗಿದ್ದಕ್ಕೇ ಹೆಚ್ಚುವರಿ ಆಳಾಗಿ ಬೆಂಚಿಗೆ ಹೋಗಿದ್ದ. ಎರಡು ದಿನದ ರಜೆಗೆ ಊರಿಗೆ ಬಂದ ನಿಂಗರಾಜನಿಗೆ ಓಣಿಯವರು ತಿನ್ನಿಸಿದ್ದೇ ತಿನ್ನಿಸಿದ್ದು. ಇಂದು ಸಂಜೆ ಐದಕ್ಕೆ ಬಾಗಲಕೋಟೆಯ ವಿದ್ಯಾಗಿರಿಯ ಶಿಬಿರದಲ್ಲಿ ಕೊನೆಯ ತೂಕ.

"ಕೋಚ್ ಸಾಹೇಬ್ರಿಗೆ ಫೋನ್ ಹಚ್ಚಿ ಕೇಳಲೇ, ಒಂದೂವರಿ ಕಿಲೋ ನಡೀತೈತೇನಂತ," ಅಂದ ಪಕ್ಕದಲ್ಲೇ ನಿಂತಿದ್ದ ಶ್ರೀಶೈಲ.

"ಯಾತರ್ಲೆ ಹಚ್ಚಲಿ, ಚಪ್ಪಲಿಲೆ?"

ಹೋದ ವಾರ ಸಾಲ ಬೇಕೇ ಎಂದು ಕೇಳಿದ ಒಂದು ಕರೆಗೆ ಸಿಟ್ಟು ಬಂದು ಮೊಬೈಲನ್ನು ಗೋಡೆಗೆ ಬೀಸಿದ್ದ. ಅಂದಿನಿಂದ ಶಿಬಿರದಲ್ಲಿ ಕೊಟ್ಟದ್ದು ಪಕ್ಕದ ಮನೆಯ ಇಂದ್ರಾಬಾಯಿಯ ನಂಬರು.

"ನಿನ್ನ ಕಡೆ ಸಾಹೇಬ್ರ ನಂಬರ್ ಇಲ್ಲೇನ್ಲೇ?"

"ಬೆಂಚಿನ ಮ್ಯಾಲ ಕುಂದ್ರಾಂವಗ ಯಾರ್ ಫೋನ್ ಮಾಡ್ತಾರ?"

ಮನೆಗೆ ಬಂದರೆ ಬಾಗಿಲಲ್ಲೇ ಇಂದ್ರಾಬಾಯಿ! ಕೈಯಲ್ಲಿ ತುಪ್ಪ ಸೋರುವ ಹೋಳಿಗೆಯ ತಾಟು.

"ತಿನ್ನೋ ನಿಂಗ್ಯಾ. ನಿಮ್ಮ ಸಾಹೇಬ್ರು..."

"ಸಾಹೇಬ್ರ ಹೆಸರ ತಗೀಬ್ಯಾಡ ಅತ್ತಿ! ಈ ತಾಟ ನೋಡಿದ್ರ ನನ್ನ ಹಗ್ಗಕ್ಕ ಕಟ್ಟಿ ಎಳೀತಾರ!"

"ಅಲ್ಲೋ, ಕೇಳ ಇಲ್ಲೆ..."

"ಕೇಳಾಂಗಿಲ್ಲ!"

ನಿಂಗರಾಜ ಹುಟ್ಟಿದಂದಿನಿಂದ ಇನ್ನೊಬ್ಬರ ಮಾತು ಪೂರ್ತಿ ಕೇಳಿದವನೇ ಅಲ್ಲ. ತಾಟು ಕಸಿದು ಶ್ರೀಶೈಲನ ಕೈಗೆ ತುರುಕಿದ. ಅಷ್ಟರಲ್ಲಿ ಓಣಿಯ ಕಾಶಪ್ಪ ಕಾಕಾ ಕರದಂಟಿನ ಡಬ್ಬಿ ಹಿಡಿದು ಬಂದ, ರಾಮವ್ವ ಬೆಲ್ಲದ ಮಾದಲಿ, ಹಾಲು ತಂದಳು.

"ದೇಶದ ಮರ್ಯಾದಿ ಐತಿ, ನುಂಗೋ ಮಗನ!" ಅಂದ ಕಾಕಾ.

"ಅದಕ್ಕ ಬಾಯಿ ಮುಚ್ಚೇನಿ! ನೀನೂ ಮುಚ್ಚು ಕಾಕಾ!"

ಬೆವರಿಳಿಸಲೆಂದು ಮುತ್ಯಾನ ಕರಿ ಕಂಬಳಿ ಹೊದ್ದು ಹಿತ್ತಲ ಗೋಡೆ ಹಾರಿದ ನಿಂಗರಾಜ ಹುನಗುಂದದ ದಾರಿ ಹಿಡಿದು ಓಟ ಕಿತ್ತ. ನೆತ್ತಿಯ ಮೇಲೆ ಬಿಸಿಲು ಕಾದ ಹಂಚಿನಂತಿತ್ತು. ಬೆವರು ಹಳ್ಳದಂತೆ ಹರಿಯಿತು. ಹಿಂದೆ ಕಾಶಪ್ಪನ ಸ್ಕೂಟರು, ಅದರ ಹಿಂದಿನ ಸೀಟಿನಲ್ಲಿ ಹೋಳಿಗೆ, ಕರದಂಟು ಕಟ್ಟಿದ ಬುತ್ತಿ ಗಂಟು ಹಿಡಿದು ಮೆಲ್ಲುತ್ತ ಕೂತ ಶ್ರೀಶೈಲ.

"ತಡಿಯೋ, ಒಂದ ತುತ್ತು!" ಎಂದು ಕಾಕಾ ಕೂಗಿದಷ್ಟೂ ನಿಂಗರಾಜನ ಕಾಲು ಜೋರಾದವು.

ಹುನಗುಂದದ ಕೋರ್ಟಿನ ಮುಂದೆ, ಕಂಬಳಿ ಹೊದ್ದು ಹಿಂದೆ ಹಿಂದೆ ನೋಡುತ್ತ ಓಡುವವನನ್ನು ಕಂಡ ವಕೀಲರೊಬ್ಬರು, "ಹಿಡೀರಿ! ಆರೋಪಿ ಓಡಾಕತ್ತಾನ!" ಎಂದು ಅರಚಿದರು. ನಾಲ್ಕು ಮಂದಿ ಮೇಲೆ ಬಿದ್ದರು.

"ಯಾವ ಕೇಸಿನಾಂವ್ಲೇ ನೀ?"

"ನಾ ಇಂಡಿಯಾ ಟೀಮಿನಾಂವ ಅದೀನ್ರಿ!"

"ಹೌದ್ಹೌದು, ನಾ ಅಮೇರಿಕಾದ ಜಡ್ಜ ಅದೀನಿ."

ಕಾಶಪ್ಪ ಬಂದು ಸಾಕ್ಷಿ ಹೇಳಿದ ಮೇಲೆ ಹಿಡಿದ ಕೈಗಳೇ ಹೆಗಲು ತಟ್ಟಿದವು. ತಪ್ಪಾಯಿತೆಂದು ವಕೀಲರು ಅಗಲವಾದ ಪರಾತದ ತುಂಬ ಮಿರ್ಚಿ ಭಜಿ ತರಿಸಿದರು. ನಿಂಗರಾಜ ಅದನ್ನೂ ಶ್ರೀಶೈಲನತ್ತ ದೂಡಿ, ಹೊರಟಿದ್ದ ಬಾಗಲಕೋಟೆ ಬಸ್ಸು ಹತ್ತಿದ. ಶ್ರೀಶೈಲ ಗಂಟು, ಪರಾತದ ಸಮೇತ ಹತ್ತಿದ.

ಬಾಗಲಕೋಟೆಯಲ್ಲಿ ಇಳಿದವನೇ ನಿಂಗರಾಜ ಕ್ಷೌರದಂಗಡಿಗೆ ನುಗ್ಗಿದ. "ತಲಿ, ಮೀಸಿ, ಎಲ್ಲಾ ತಗೀರಿ!"

"ಹುಬ್ಬು ಇರ್ಲೇನ್ರಿ?"

"ಎಷ್ಟ ತೂಗ್ತಾವು?"

ಐದಕ್ಕೆ ಐದು ನಿಮಿಷ. ವಿದ್ಯಾಗಿರಿಯ ಮೈದಾನ. ಬೋಳು ತಲೆಯ ನಿಂಗರಾಜ ಕಂಬಳಿ ಕೆಳಗಿಟ್ಟು ಉಸಿರು ಬಿಗಿಹಿಡಿದು ಕಾಟಾ ಹತ್ತಿದ. ಎಪ್ಪತ್ತೊಂಬತ್ತೂವರೆ! ಇಳಿದು ಕಂಬಳಿ ಎತ್ತಿ ಮುಗಿಲಿಗೆ ತೂರಿದ. ಕುಣಿದ. ಮುತ್ಯಾನ ದೇವರು ಬೀರಪ್ಪನಿಗೆ ಕೈ ಮುಗಿದ.

ಕೋಚ್ ಅನಿಲಕುಮಾರ ಅವರ ಮುಖ ಮಾತ್ರ ಹುಳಿ ಮಜ್ಜಿಗೆ ಕುಡಿದಂತಾಗಿತ್ತು.

"ಎಂಬತ್ನಾಕ ಮಾಡ್ಕೊಂಡ ಬಾ ಅಂತ ಮೊನ್ನೇನ ಹೇಳಿದ್ನಲ್ಲೋ! ಆರುನೂರ ನಲವತ್ತರಾಗ ಆಡಾಂಗಿಲ್ಲ. ಮ್ಯಾಲಿನ ವಿಭಾಗಕ್ಕ ಹೆಸರ ಕೊಟ್ಟೇವಿ, ಆರುನೂರ ಎಂಬತ್ತು, ತಲಿಗೆ ಎಂಬತ್ತೈದು. ಉಳಿದಾವ್ರೆಲ್ಲ ತಿಂದ ಬಂದಾರ. ನೀ ನೋಡಿದ್ರ ಒಣಗಿದ ಹೀರಿಕಾಯಿ ಆಗಿ ಬಂದೀಯಲ್ಲ!"

"ಯಾ... ಯಾರಿಗೆ ಹೇಳಿದ್ರಿ ಸಾಹೇಬ್ರ?"

"ನೀ ಕೊಟ್ಟ ನಂಬರಿಗೆ. ಆ ಇಂದ್ರಾಬಾಯಾರು, ಓಣಿಗೆಲ್ಲ ಹೇಳಿ ತಿನಸ್ತೀನ್ರಿ ಅಂದ್ರಲ್ಲ!"

ಕೋಚ್ ಸುತ್ತ ನೋಡಿದರು. ಪರಾತದ ತಳದ ಕೊನೆಯ ಭಜಿ ನುಂಗುತ್ತಿದ್ದ ಶ್ರೀಶೈಲ ಕಣ್ಣಿಗೆ ಬಿದ್ದ.

"ಏ, ನೀ ಹತ್ತು."

ಶ್ರೀಶೈಲ ಹತ್ತಿ, ದೊಡ್ಡದಾಗಿ ತೇಗಿದ. ಎಂಬತ್ತನಾಲ್ಕೂಕಾಲು.

ಇಂಡಿಯಾ ಅಂಗಿ ಅವನ ಹೊಟ್ಟೆಯ ಮೇಲೆ ಹೊಲಿದಿಟ್ಟಂತೆ ಕೂತಿತು. ನಿಂಗರಾಜ ಬೆಂಚಿನ ತುದಿಗೆ ಹೋಗಿ ಕುಸಿದ. ಶ್ರೀಶೈಲ ಪಕ್ಕಕ್ಕೆ ಬಂದು ಗಂಟು ಬಿಚ್ಚಿದ. ಇಂದ್ರಾಬಾಯಿಯ ಹೋಳಿಗೆ ಒಂದು ಉಳಿದಿತ್ತು.

"ತಿನ್ನಲೇ ನಿಂಗ್ಯಾ. ಬೆಂಚಿನ ಮ್ಯಾಲ ಕುಂದ್ರಾಂವಗ ಯಾರ್ ತೂಕ ಕೇಳ್ತಾರ?"

ಬೈಯಲೆಂದು ನಿಂಗರಾಜ ಬಾಯಿ ತೆರೆದ. ಶ್ರೀಶೈಲ ಹೋಳಿಗೆ ಒಳಗಿಟ್ಟ.