ಎರಡು ಸೊಂಡಿಲಿನ ಸಕ್ಕರೆ ಆನೆ

ಸಿದರಾಯ ಮಂಚ ಬಿಚ್ಚಿದ್ದೇ ಎಲ್ಲ ರಗಳೆಗೂ ಮೂಲ. ಖಾನಾಪುರದ ಮನೆಯಲ್ಲೇ ಸಿಎನ್‌ಸಿ ಯಂತ್ರ ಕಟ್ಟುತ್ತೇನೆಂದು ಹೊರಟವನಿಗೆ ಗಟ್ಟಿ ಹಲಗೆ ಸಿಕ್ಕಿದ್ದು ಹೆಂಡತಿ ರೂಪಾಲಿಯ ತವರಿನ ಮಂಚದಲ್ಲಿ. ಮೋಟಾರು ಬೆಳಗಾವಿಯಿಂದ ಬಂತು. ಕಂಪ್ಯೂಟರಿನಲ್ಲಿ ಚಿತ್ರ ಕೊಟ್ಟರೆ ಯಂತ್ರ ತಾನೇ ಕಟ್ಟಿಗೆಯಲ್ಲಿ ಕೆತ್ತಬೇಕು. ಮೂರು ತಿಂಗಳಲ್ಲಿ ಅದು ಕೆತ್ತಿದ್ದು ಸಿದರಾಯನ ಹೆಬ್ಬೆರಳನ್ನು ಮಾತ್ರ.

ಇಂದು ಗೌರಿ ಹುಣ್ಣಿಮೆ. ತಮ್ಮ ಯಲ್ಲೇಶನಿಗೆ ಗೊತ್ತು ಮಾಡಿದ ನಂದಗಡದ ಹುಡುಗಿಗೆ ಸಂಜೆಯೊಳಗೆ ಸಕ್ಕರೆ ಗೊಂಬೆಗಳನ್ನಿಟ್ಟ ಆರತಿ ತಟ್ಟೆ ಮುಟ್ಟಬೇಕು. ಸಕ್ಕರೆ ಗೊಂಬೆಯ ಅಚ್ಚನ್ನು ಪ್ರತಿವರ್ಷ ಬಾಜೂಮನೆಯ ಚಂಪಾಬಾಯಿ ಕೊಡುತ್ತಿದ್ದಳು.

"ಈ ವರ್ಷ ಯಾರ ಅಚ್ಚೂ ಬ್ಯಾಡ. ನನ್ನ ಮಶೀನ ಆನಿ ಕೆತ್ತತೈತಿ!" ಎಂದು ಸಿದರಾಯ ಓಣಿಗೆಲ್ಲ ಸಾರಿದ್ದ.

"ಕೆತ್ತಲಿಲ್ಲಂದ್ರ ಇವತ್ತ ಗುಜರಿ ಗಾಡಿ ಹತ್ತತೈತಿ," ಎಂದಿದ್ದಳು ರೂಪಾಲಿ.

ಬೆಳಿಗ್ಗೆ ಆನೆಯ ಕಣ್ಣು ತೋಡಲು ಇಳಿದ ಡ್ರಿಲ್ಲು ಕಣ್ಣು, ಕಟ್ಟಿಗೆ, ಮಂಚದ ಹಲಗೆ ಎಲ್ಲ ದಾಟಿ ನೆಲದ ಫರಸಿಗೆ ಮುತ್ತಿಟ್ಟಿತು.

"ಏನೋ ಸಿದರಾಯಾ, ಬೋರ್ ಹೊಡ್ಯಾಕ್ಹತ್ತೀಯೇನು? ಗುಂಯ್ಯ್ಯ್... ಟಕ್! ನೀರ್ ಬಿತ್ತಾ?" ಬಾಗಿಲಲ್ಲಿ ನೇಮಿನಾಥ, ಚಂಪಾಬಾಯಿಯ ಗಂಡ. ಮೂವತ್ತು ವರ್ಷ ಬೆಳಗಾವಿಯಲ್ಲಿ ಲೇಥ್ ನಡೆಸಿ ನಿವೃತ್ತನಾದವನು; ಸಲಹೆ ಕೊಡುವುದರಿಂದ ಮಾತ್ರ ಇನ್ನೂ ನಿವೃತ್ತನಾಗಿಲ್ಲ.

ಎರಡನೇ ಸಲ ಇಂಚಿನ ಜಾಗದಲ್ಲಿ ಮಿಲಿಮೀಟರು ಬಿತ್ತು. ಮಂಚದ ಕಟ್ಟಿಗೆಗೆ ತಕ್ಕಂತೆ ಆನೆ ತಿಗಣೆಯಷ್ಟಾಯಿತು.

ಸಿದರಾಯ ಮೂರನೇ ಸಲ ಕುಳಿತ. ಅಚ್ಚಿಗೆ ಎರಡು ಹೋಳು. ಕೈ ಮುಗಿದಾಗಿನ ಅಂಗೈಗಳಂತೆ ಒಂದಕ್ಕೊಂದು ಉಲ್ಟಾ ಇರಬೇಕು. ಮೊದಲ ಹೋಳು ಬಂಗಾರದಂತೆ ಬಂತು! ಎರಡನೆಯದಕ್ಕೆ ಉಲ್ಟಾ ಚಿತ್ರ ಕೊಟ್ಟು ಚಹಾ ಕುಡಿಯಲು ಹೋದ. ಬಂದು ಗಡಿಬಿಡಿಯಲ್ಲಿ ಎರಡೂ ಹೋಳು ಕೂಡಿಸಿ, ದಾರ ಕಟ್ಟಿ, ಪಾಕ ಹೊಯ್ದ. ಆರಿದ ಮೇಲೆ ಬಿಚ್ಚಿದ.

ಅವ್ವ ಮಾಯವ್ವ ಆನೆಯನ್ನು ತಿರುಗಿಸಿ ತಿರುಗಿಸಿ ನೋಡಿದಳು. "ಯಪ್ಪಾ, ಇದು ಎತ್ತಾಗ ಹೊಂಟೈತೋ?"

ಮುಂದೊಂದು ಸೊಂಡಿಲು, ಹಿಂದೊಂದು ಸೊಂಡಿಲು. ಅರ್ಧ ಆನೆ ಬೆಳಗಾವಿಗೆ, ಅರ್ಧ ನಂದಗಡಕ್ಕೆ ಹೊರಟಿತ್ತು.

"ನೀ ಚಾ ಕುಡ್ಯಾಕ ಹೋದಾಗ ಕಂಪ್ಯೂಟರ್‌ದಾಗ ಆನಿ ಉಲ್ಟಾ ನಿಂತಿತ್ತೋ," ಎಂದ ನೇಮಿನಾಥ ಹೆಮ್ಮೆಯಿಂದ. "ಪಾಪ, ಗಡಬಡ್ಯಾಗ ತಪ್ಪ್ಯಾನ ಅಂತ ನಾನ ಸುಲ್ಟಾ ಮಾಡಿ ಚಾಲೂ ಮಾಡಿದ್ನಿ."

ಸಿದರಾಯ ಗಡಿಯಾರ ನೋಡಿದ. ನಾಲ್ಕು ಹೊಡೆದಿತ್ತು. ಆನೆಯನ್ನು ಕೈಯಲ್ಲಿ ಹಿಡಿದೇ, ತಲೆ ತಗ್ಗಿಸಿ ಚಂಪಾಬಾಯಿಯ ಬಾಗಿಲಿಗೆ ಹೋದ.

"ಮಾವಶಿ... ನಿಮ್ಮ ಅಚ್ಚು..."

"ಅಚ್ಚು? ನಿನ್ನೀನ ನಿಮ್ಮವ್ವ ಬಂದು ನಮ್ಮ ಅಡಗಿಮನ್ಯಾಗ ಸಕ್ಕರಿ ಗೊಂಬಿ ಹೊಯ್ಕೊಂಡು ಹೋದ್ಲಲ್ಲೋ! ಆರತಿ ಹನ್ನೆರಡರ ಬಸ್ಸಿಗೇ ನಂದಗಡಕ್ಕ ಹೋತು."

"ಹಂಗಾರ ನಾ ಮುಂಜಾನಿಂದ ಮಾಡಿದ್ದು?"

"ಅವಂಗ ಹೇಳಬ್ಯಾಡ್ರಿ, ಮನಸ್ಸಿಗೆ ಹಚ್ಕೋತಾನ ಅಂದಿದ್ಲಪ್ಪ ನಿಮ್ಮವ್ವ," ಎಂದು ಚಂಪಾಬಾಯಿ ನಾಲಿಗೆ ಕಚ್ಚಿಕೊಂಡಳು.

ಮನೆಗೆ ಬಂದರೆ ಗುಜರಿ ಗಾಡಿ ನಿಂತಿತ್ತು. ರೂಪಾಲಿ ಮಾತಿಗೆ ತಪ್ಪುವವಳಲ್ಲ. ಗುಜರಿ ಕರೆಪ್ಪ ಯಂತ್ರವನ್ನು ಮೂರು ಸುತ್ತು ಸುತ್ತಿ, ಮೇಲೆ ಕೆಳಗೆ ತಟ್ಟಿ, ಕೈ ಕೊಡವಿದ.

"ಇದು ನಮಗ ಬ್ಯಾಡ್ರಿ ಅಕ್ಕಾರ. ಬರೇ ತೂತು ಬಿದ್ದ ಹಲಗಿ. ಮಂಚಾನರ ಆಗಿದ್ರ ಒಯ್ತಿದ್ನಿ."

ರೂಪಾಲಿ ನಿಧಾನಕ್ಕೆ ಗಂಡನ ಕಡೆ ತಿರುಗಿದಳು. ಕೈಯಲ್ಲಿದ್ದ ಆನೆಯಂತೆ ಸಿದರಾಯನಿಗೂ ಎತ್ತ ಓಡಬೇಕೋ ತಿಳಿಯಲಿಲ್ಲ.